ಹೊಲದ ಮಣ್ಣಲ್ಲಿ ಉಳಿದಿರೋ ಕಳೆನಾಶಕ ತೆಗೆಯೋಕೆ ಯಾವ ಗಿಡ ಹಾಕಬೇಕು?

ಹಸಿರುಹಾದಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನಮ್ದು ಎರಡು ಎಕರೆ ಚಿಲ್ಲರೆ ಜಮೀನು, ಆರು ವರ್ಷದಿಂದ ಬರೀ ಮೆಕ್ಕೆಜೋಳಾನೇ ಹಾಕ್ತಾ ಬಂದಿದ್ವಿ, ಪ್ರತಿ ಸಲ ಬಿತ್ತನೆ ಆಗಿ ಎರಡು ಮೂರು ದಿನಕ್ಕೆ ಅಟ್ರಾಜಿನ್ ಅನ್ನೋ ಕಳೆನಾಶಕ ಹೊಡೆಯೋದು ರೂಢಿ. ಈ ಸಲ ತರಕಾರಿ ಕಡೆ ಹೋಗೋಣ ಅಂತ ಅರ್ಧ ಎಕರೆಗೆ ಸೌತೆ, ಇನ್ನರ್ಧಕ್ಕೆ ಬೀನ್ಸ್ ಹಾಕಿದ್ವಿ. ಮೊಳಕೆ ಚೆನ್ನಾಗೇ ಬಂತು, ಮೊದಲನೇ ಎಲೆ ಬಿಡೋವರೆಗೂ ಏನೂ ಗೊತ್ತಾಗ್ಲಿಲ್ಲ. ಆಮೇಲೆ ಕೆಳಗಿನ ಎಲೆಗಳು ಅಂಚಿಂದ ಹಳದಿ ಆಗ್ತಾ ಬಂದು, ಆ ಹಳದಿ ಒಳಗೊಳಗೆ ಹೋಗ್ತಾ ಅಂಚು ಸುಟ್ಟ ಕಾಗದದ ತರ ಕಂದು ಆಗಿ, ಹದಿನೈದು ದಿನದೊಳಗೆ ಸಾಲಿಗೆ ಸಾಲೇ ಕೂತ್ಬಿಡ್ತು. ಚಿಗುರು ಮಾತ್ರ ಕೊನೇವರೆಗೂ ಹಸಿರಾಗೇ ಇತ್ತು, ಅದನ್ನ ನೋಡಿ ನೋಡಿ ಇವತ್ತು ಚೇತರಿಸ್ಕೊಳ್ಳುತ್ತೆ ನಾಳೆ ಚೇತರಿಸ್ಕೊಳ್ಳುತ್ತೆ ಅಂತ ನೀರು ಕೊಡ್ತಾನೇ ಇದ್ದೆ.

ಮೊದಲು ರೋಗ ಅಂದ್ಕೊಂಡೆ, ಆಮೇಲೆ ಕಬ್ಬಿಣ ಸತುವು ಕಮ್ಮಿ ಇರಬೇಕು ಅಂತ ಅದನ್ನೂ ಸಿಂಪಡಿಸಿದೆ, ಏನೂ ಬದಲಾಗ್ಲಿಲ್ಲ. ಒಂದು ದಿನ ಬದುವಿನ ಮೇಲೆ ನಿಂತು ನೋಡಿದಾಗ ಗೊತ್ತಾಯ್ತು, ಗಿಡ ಪೂರ್ತಿ ಸತ್ತಿರೋದು ಎರಡೂ ತುದಿಯಲ್ಲಿ, ಪಂಪ್ ಹೊತ್ತವರು ಸಾಲಿನ ಕೊನೆಗೆ ಬಂದು ತಿರುಗೋ ಜಾಗದಲ್ಲಿ. ನಡುವೆ ಹೊಲದಲ್ಲಿ ಅಲ್ಲಲ್ಲಿ ಪಟ್ಟೆ ಪಟ್ಟೆಯಾಗಿ ಬಡಕಲಾಗಿ ಬದುಕಿವೆ. ಅಂದ್ರೆ ಇದು ಔಷಧಿದೇ ಕೆಲಸ ಅಂತ ಅನುಮಾನ ಬಂತು. ಕೊನೇ ಸಲ ಅಟ್ರಾಜಿನ್ ಹೊಡೆದು ಬೀನ್ಸ್ ಬಿತ್ತೋ ಹೊತ್ತಿಗೆ ಸುಮಾರು ಐದು ತಿಂಗಳಾಗಿತ್ತು.

ಮಣ್ಣಿನ ವಿಷ ಹೀರೋ ಗಿಡಗಳಿವೆ, ಅವನ್ನ ಬೆಳೆಸಿ ಮಣ್ಣು ಕ್ಲೀನ್ ಮಾಡಬಹುದು ಅಂತ ಓದಿದೆ. ಸೂರ್ಯಕಾಂತಿ, ಸಾಸಿವೆ, ಲಾವಂಚ ಹೀಗೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಿಜವಾಗ್ಲೂ ಕೆಲಸ ಮಾಡುತ್ತಾ? ಮಾಡೋದಾದ್ರೆ ಯಾವುದು ಹಾಕಲಿ, ಎಷ್ಟು ತಿಂಗಳು ಬೇಕು, ಬೆಳೆದ ಮೇಲೆ ಕಿತ್ತು ಹೊರಗೆ ಹಾಕಬೇಕಾ ಇಲ್ಲ ಅಲ್ಲೇ ಉಳಬಹುದಾ, ದನಕ್ಕೆ ಹಾಕಬಹುದಾ? ಒಂದು ವರ್ಷ ಹಾಗೇ ಬೀಳು ಬಿಡು, ತಾನೇ ಸರಿಹೋಗುತ್ತೆ ಅಂತಾರೆ ಅಮ್ಮ. ನಂಗೆ ಬೀಳು ಬಿಡೋಕೆ ಮನಸ್ಸಿಲ್ಲ.

ನೇಗಿಲಗೆರೆ:

ಸೂರ್ಯಕಾಂತಿ ಹಾಕಿ ಸರ್. ಚೆರ್ನೋಬಿಲ್‌ನಲ್ಲಿ ಅಣು ಸ್ಥಾವರ ಸಿಡಿದ ಮೇಲೆ ಹತ್ತಿರದ ಕೆರೆ ನೀರಿಂದ ಸೀಸಿಯಂ ಸ್ಟ್ರಾನ್ಷಿಯಂ ತೆಗೆಯೋಕೆ ಸೂರ್ಯಕಾಂತಿಯನ್ನೇ ತೇಲು ತೆಪ್ಪದ ಮೇಲೆ ಬೆಳೆಸಿದ್ರಂತೆ. ಅಂಥಾದ್ದನ್ನೇ ಹೀರುತ್ತೆ ಅಂದ್ಮೇಲೆ ಕಳೆ ಔಷಧಿ ಯಾವ ಲೆಕ್ಕ. ಹೂ ಬಿಡೋ ಹೊತ್ತಿಗೆ ಬುಡಸಮೇತ ಕಿತ್ತು ಹೊಲದಿಂದ ಆಚೆ ಹಾಕಿ, ಎರಡು ಸಲ ಹೀಗೆ ಮಾಡಿದ್ರೆ ಸಾಕು.

ಮಣ್ಣಮಾತು:

ನೇಗಿಲಗೆರೆ ಅವರೇ, ಚೆರ್ನೋಬಿಲ್ ವಿಷಯ ಸರಿ, ಆದ್ರೆ ಅದನ್ನ ಇಲ್ಲಿಗೆ ತರೋಕಾಗಲ್ಲ. ಸೀಸಿಯಂ, ಸೀಸ, ಕ್ಯಾಡ್ಮಿಯಂ ಇವೆಲ್ಲ ಮೂಲಧಾತುಗಳು, ಅವನ್ನ ಯಾವ ಗಿಡನೂ ಯಾವ ಸೂಕ್ಷ್ಮಜೀವಿನೂ ಒಡೆಯೋಕಾಗಲ್ಲ, ಅದಕ್ಕೇ ಗಿಡದೊಳಗೆ ತುಂಬಿಸಿ ಕಿತ್ತು ಹೊರಗೆ ಸಾಗಿಸೋದು ಒಂದೇ ದಾರಿ. ಕಳೆನಾಶಕ ಹಾಗಲ್ಲ, ಅದು ಇಂಗಾಲ, ಸಾರಜನಕ, ಕ್ಲೋರಿನ್ ಇವೆಲ್ಲ ಸೇರಿ ಆದ ಅಣು, ಅದನ್ನ ಮುರೀಬಹುದು. ಹಾಗಾಗಿ ನಿಮ್ಮ ಹೊಲದಲ್ಲಿ ಗಿಡದ ಕೆಲಸ ಹೀರೋದಕ್ಕಿಂತ ಒಡೆಯೋದು ಮತ್ತೆ ಒಡೆಸೋದು.

ಹಸಿರುಹಾದಿ, ನೀವು ಹೇಳಿದ ಲಕ್ಷಣ ಅಟ್ರಾಜಿನ್‌ಗೆ ಸರಿಯಾಗಿ ಹೊಂದುತ್ತೆ. ಅದು ಬೀಜ ಮೊಳೆಯೋದನ್ನ ತಡೆಯಲ್ಲ, ಎಲೆಯಲ್ಲಿ ಬೆಳಕಿಂದ ಆಹಾರ ಮಾಡೋ ಕೆಲಸ ನಿಲ್ಲಿಸುತ್ತೆ, ಅದಕ್ಕೇ ಬೀಜದಲ್ಲಿರೋ ಆಹಾರದ ಗಂಟು ಮುಗಿಯೋವರೆಗೂ ಸಸಿ ನಗ್ತಾ ಇರುತ್ತೆ, ಆಮೇಲೆ ಹಳೇ ಎಲೆಯಿಂದ ಶುರುವಾಗುತ್ತೆ. ಕಬ್ಬಿಣ ಕಮ್ಮಿ ಆದ್ರೆ ಹೊಸ ಚಿಗುರು ಮೊದಲು ಬೆಳ್ಳಗಾಗುತ್ತೆ, ನಿಮ್ಮಲ್ಲಿ ಚಿಗುರೇ ಹಸಿರಿತ್ತು ಅಂದ್ರಲ್ಲ, ಅದು ದೊಡ್ಡ ಸುಳಿವು. ಪಂಪ್ ತಿರುಗಿಸೋ ಜಾಗದಲ್ಲಿ ಎರಡು ಸಲ ಬಿದ್ದಿರುತ್ತೆ, ಅದು ಇನ್ನೊಂದು ಸುಳಿವು.

ಅಟ್ರಾಜಿನ್‌ನ ಅರ್ಧಾಯುಷ್ಯ, ಅಂದ್ರೆ ಅದು ಅರ್ಧಕ್ಕೆ ಇಳಿಯೋಕೆ ಬೇಕಾದ ಕಾಲ, ಹದವಾದ ಮಣ್ಣಲ್ಲಿ ಸುಮಾರು 60 ದಿನ ಅಂತ ಲೆಕ್ಕ ಇಟ್ಕೊಳ್ತಾರೆ, ಮಣ್ಣು ಹವೆ ನೋಡ್ಕೊಂಡು ಇದು ತುಂಬಾ ಹೆಚ್ಚು ಕಮ್ಮಿ ಆಗುತ್ತೆ. 60 ದಿನ ಅಂತಾನೇ ಹಿಡಿದ್ರೂ ಐದು ತಿಂಗಳಿಗೆ ಹೊಡೆದದ್ದರಲ್ಲಿ ಸುಮಾರು ಆರನೇ ಒಂದು ಭಾಗ ಉಳಿದಿರುತ್ತೆ, ಡಬಲ್ ಬಿದ್ದ ಜಾಗದಲ್ಲಿ ಮೂರನೇ ಒಂದು ಭಾಗ. ಬೀನ್ಸ್ ಸೌತೆಯಂಥ ನಾಜೂಕು ಬೆಳೆಗೆ ಅಷ್ಟು ಸಾಕು. ಕಳೆದ ಸಲ ಹೊಡೆದ ಮೇಲೆ ಮಳೆ ಹೇಗಿತ್ತು, ಮಣ್ಣಿನ ಪಿಎಚ್ (ಹುಳಿನಾ ಕ್ಷಾರನಾ ಅನ್ನೋ ಅಳತೆ) ಎಷ್ಟು, ಇವೆರಡು ಹೇಳಿ. ಒಣ ಮಣ್ಣಲ್ಲಿ ಒಡೆಯೋ ಕೆಲಸ ನಿಂತೇ ಹೋಗುತ್ತೆ. ಪಿಎಚ್ 7 ದಾಟಿ ಮೇಲೆ ಹೋದಷ್ಟೂ ಅಟ್ರಾಜಿನ್ ಜಾಸ್ತಿ ದಿನ ಇರುತ್ತೆ, ಹುಳಿ ಮಣ್ಣಲ್ಲಿ ಬೇಗ ಒಡೆಯುತ್ತೆ. ಹಾಗಾಗಿ ಮಣ್ಣು ಸರಿ ಮಾಡ್ತೀನಿ ಅಂತ ಈಗ ಸುಣ್ಣ ಹಾಕೋಕೆ ಹೋಗಬೇಡಿ.

ಈಗ ಗಿಡದ ವಿಷಯ. ಅಟ್ರಾಜಿನ್ ಒಡೆಯೋಕೆ ಚೆನ್ನಾಗಿ ಬರೋ ಗಿಡಗಳಲ್ಲಿ ಒಂದು ನೀವು ಆರು ವರ್ಷದಿಂದ ಬೆಳೀತಿರೋ ಮೆಕ್ಕೆಜೋಳಾನೇ. ಅದು ಔಷಧಿಗೆ ಸಾಯದೆ ಇರೋದು ಹೀರಲ್ಲ ಅಂತ ಅಲ್ಲ, ಚೆನ್ನಾಗೇ ಹೀರುತ್ತೆ, ಹೀರಿ ಒಳಗಡೆ ಎರಡು ರೀತಿಯಲ್ಲಿ ಅದನ್ನ ನಿರ್ವೀರ್ಯ ಮಾಡುತ್ತೆ. ಬೆಂಜಾಕ್ಸಜಿನ್ ಗುಂಪಿನ ಒಂದು ರಾಸಾಯನಿಕ ಅದರ ಬೇರು ಎಲೆಯಲ್ಲಿದೆ, ಅದು ಅಟ್ರಾಜಿನ್‌ನಿಂದ ಕ್ಲೋರಿನ್ ಕಿತ್ತು ಹಾಕುತ್ತೆ, ಕ್ಲೋರಿನ್ ಹೋಯ್ತು ಅಂದ್ರೆ ಕಳೆ ಕೊಲ್ಲೋ ಶಕ್ತಿ ಹೋಯ್ತು. ಇನ್ನೊಂದು, ಗ್ಲುಟಾಥಯೋನ್ ಅನ್ನೋ ವಸ್ತುವನ್ನ ಒಂದು ಕಿಣ್ವ ಅದಕ್ಕೆ ಅಂಟಿಸಿ ಕಟ್ಟಿ ಹಾಕುತ್ತೆ. ಜೋಳದಲ್ಲೂ ಈ ಎರಡನೇ ದಾರಿ ಬಲವಾಗಿದೆ. ಅಂದ್ರೆ ಔಷಧಿ ಹೊಡೆಯದೆ ಮೆಕ್ಕೆಜೋಳನೋ ಜೋಳನೋ ಮೇವಿನ ಬೆಳೆ ತರ ದಟ್ಟವಾಗಿ ಹಾಕಿದ್ರೆ, ಅದೇ ನಿಮ್ಮ ಹೊಲ ತೊಳೆಯೋ ಗಿಡ.

ಆದ್ರೆ ನಂಗೆ ಇದಕ್ಕಿಂತ ಮುಖ್ಯ ಅನ್ಸೋದು ಬೇರಿನ ಸುತ್ತ ನಡೆಯೋದು. ಬೇರು ಸುಮ್ಮನೆ ನೀರು ಹೀರ್ಕೊಂಡು ಕೂತಿರಲ್ಲ, ಸಕ್ಕರೆ, ಆಮ್ಲ, ಅಮೈನೋ ಆಮ್ಲ ಎಲ್ಲ ಹೊರಗೆ ಬಿಡ್ತಾ ಇರುತ್ತೆ, ಅದನ್ನ ತಿನ್ನೋಕೆ ಬ್ಯಾಕ್ಟೀರಿಯಾ ಶಿಲೀಂಧ್ರ ಎಲ್ಲ ಅಲ್ಲಿ ಮುತ್ಕೊಳ್ತವೆ, ಅವುಗಳಲ್ಲಿ ಕೆಲವು ಕಳೆನಾಶಕವನ್ನೂ ಒಡೆಯುತ್ತವೆ. 1995ರಲ್ಲಿ ಅಮೆರಿಕದ ಮಿನ್ನೆಸೋಟಾದ ವಿಜ್ಞಾನಿಗಳು ಅಟ್ರಾಜಿನ್ ಚೆಲ್ಲಿದ್ದ ಮಣ್ಣಿಂದ ಸ್ಯೂಡೊಮೊನಾಸ್ ಎಡಿಪಿ ಅನ್ನೋ ಬ್ಯಾಕ್ಟೀರಿಯಾ ಬೇರ್ಪಡಿಸಿದ ಸುದ್ದಿ ಪ್ರಕಟಿಸಿದ್ರು, ಅದಕ್ಕೆ ಅಟ್ರಾಜಿನ್ನೇ ಸಾರಜನಕದ ಊಟ. ಇಲ್ಲಿ ಒಂದು ಎಚ್ಚರ ಇದೆ, ಸಾರಜನಕ ಬೇರೆ ಕಡೆಯಿಂದ ಧಾರಾಳವಾಗಿ ಸಿಕ್ರೆ ಇಂಥ ಜೀವಿಗಳು ಅಟ್ರಾಜಿನ್ ಮುಟ್ಟೋದು ಕಮ್ಮಿ ಆಗುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ, ಅದಕ್ಕೇ ಈ ಬೆಳೆಗೆ ಯೂರಿಯಾ ಸುರೀಬೇಡಿ.

ಎಲ್ಲ ಔಷಧಿಗೂ ಒಂದೇ ಗಿಡ ಅನ್ನೋದು ಇಲ್ಲ. ಗಿಡದೊಳಗೆ ಹೋಗಬೇಕಾದ್ರೆ ಆ ವಸ್ತು ನೀರಲ್ಲೂ ಎಣ್ಣೆಯಲ್ಲೂ ಒಂದು ಹದಕ್ಕೆ ಕರಗಬೇಕು. ಅಟ್ರಾಜಿನ್ ಆ ಹದದಲ್ಲಿದೆ, 1990ರ ದಶಕದಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಪಾಪ್ಲರ್ ಮರ ಅದನ್ನ ಬೇರಿಂದ ಎಳ್ಕೊಂಡು ಎಲೆಯಲ್ಲಿ ಒಡೆಯೋದನ್ನ ತೋರಿಸಿದ್ರು. ಪೆಂಡಿಮೆಥಾಲಿನ್, ಟ್ರೈಫ್ಲುರಾಲಿನ್ ಅನ್ನೋ ಕಳೆನಾಶಕಗಳು ಎಣ್ಣೆ ಕಡೆ ವಾಲಿದವು, ಮಣ್ಣಿನ ಸಾವಯವ ಅಂಶಕ್ಕೆ ಅಂಟ್ಕೊಂಡು ಕೂರುತ್ತವೆ, ಬೇರಿನ ಹೊರಪದರ ದಾಟಿ ಮೇಲೆ ಹೋಗೋದೇ ಕಮ್ಮಿ. ಪ್ಯಾರಾಕ್ವಾಟ್ ಅಂತೂ ಜೇಡಿಮಣ್ಣಿನ ಪದರದೊಳಗೆ ಸಿಕ್ಕಿಹಾಕ್ಕೊಂಡ್ರೆ ವರ್ಷಗಟ್ಟಲೆ ಅಲ್ಲೇ, ಅದನ್ನ ಯಾವ ಗಿಡ ಹಾಕಿದ್ರೂ ಎಳೆಯೋಕಾಗಲ್ಲ.

ಏನೇ ಮಾಡೋ ಮುಂಚೆ ಕುಂಡದಲ್ಲಿ ಪರೀಕ್ಷೆ ಮಾಡಿ. ಸತ್ತ ಜಾಗದ ಮಣ್ಣು, ನಡುವಿನ ಮಣ್ಣು, ಯಾವತ್ತೂ ಔಷಧಿ ಬೀಳದ ಬದುವಿನ ಮಣ್ಣು, ಮೂರನ್ನೂ 15 ಸೆಂಟಿಮೀಟರ್ ಆಳದವರೆಗೆ ನಾಲ್ಕೈದು ಕಡೆಯಿಂದ ತೆಗೆದು ಬೇರೆ ಬೇರೆ ಕಲಸಿ ಕುಂಡಕ್ಕೆ ತುಂಬಿ. ಸತ್ತ ಜಾಗದ ಮಣ್ಣಿನ ಇನ್ನೊಂದು ಕುಂಡಕ್ಕೆ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ ಬೆರೆಸಿ, ಸಾಮಾನ್ಯ ಇದ್ದಿಲಲ್ಲ, ಆಕ್ಟಿವೇಟೆಡ್ ಆಗಿರೋದೇ ಬೇಕು. ಅದು ಕಳೆನಾಶಕವನ್ನ ಹಿಡ್ಕೊಂಡು ಬಿಡುತ್ತೆ. ಎಲ್ಲದರಲ್ಲೂ ಬೀನ್ಸ್ ಹಾಕಿ, ತಳದಲ್ಲಿ ತಟ್ಟೆ ಇಟ್ಟು ಬಸಿದ ನೀರನ್ನ ಅದೇ ಕುಂಡಕ್ಕೆ ವಾಪಸ್ ಹಾಕಿ, ಇಲ್ಲಾಂದ್ರೆ ಔಷಧಿ ನೀರಿನ ಜೊತೆ ಇಳಿದು ಹೋಗಿ ಮಣ್ಣು ಚೆನ್ನಾಗಿದೆ ಅಂತ ಸುಳ್ಳು ಫಲಿತಾಂಶ ಬರುತ್ತೆ. ಮೂರು ವಾರ ನೋಡಿ. ಚಾರ್ಕೋಲ್ ಹಾಕಿದ್ರಲ್ಲಿ ಗಿಡ ಚೆನ್ನಾಗಿದ್ದು ಹಾಕದೆ ಇರೋದ್ರಲ್ಲಿ ಸತ್ರೆ ಅದು ಔಷಧಿ. ಎರಡರಲ್ಲೂ ಸತ್ರೆ ಬೇರೆ ಏನೋ, ಬೇರುಗಂಟು ಹುಳ ನೋಡಿ, ಉಪ್ಪು ನೋಡಿ.

ಎರೆಹೊಲ:

ಮಣ್ಣಮಾತು ಅವರು ಪಿಎಚ್ ಬಗ್ಗೆ ಹೇಳಿದ್ದು ನೂರಕ್ಕ ನೂರು ಖರೇ ನೋಡ್ರಿ, ನಾವು ಅನುಭವಿಸೀವಿ. ನಮ್ಮದು ಎರಿ ಭೂಮಿ, ಪಿಎಚ್ 8 ದಾಟೈತಿ. ಗೋದಿ ಒಳಗ ಅಗಲ ಎಲಿ ಕಸಕ್ಕ ಮೆಟ್ಸಲ್ಫ್ಯೂರಾನ್ ಹೊಡದಿದ್ವಿ. ಹೆಕ್ಟೇರಿಗೆ ಬರೇ 4 ಗ್ರಾಂ ಮೂಲವಸ್ತು ಹೋಗೂ ಔಷಧ ಅದು, ಇಷ್ಟು ಚೂರು ಏನ್ ಉಳದೀತು ಅಂತ ತಿಳಕೊಂಡ್ವಿ. ಗೋದಿ ತಗದು ಅದರಾಗ ಸಾಸಿವಿ, ಮಸೂರ ಹಾಕಿದ್ವಿ. ಸಸಿ ಎರಡು ಬೆರಳು ಎದ್ದು ಅಲ್ಲೇ ನಿಂತ್ವು, ಹಳದಿನೂ ಸರಿಯಾಗಿ ಆಗಲಿಲ್ಲ, ಒಣಗಲೂ ಇಲ್ಲ, ಬೆಳಿಯಲೂ ಇಲ್ಲ. ಒಂದು ಕಿತ್ತು ತೊಳದು ನೋಡಿದ್ರ ಬೇರು ಬಾಟಲಿ ತೊಳಿಯೂ ಬ್ರಶ್ ಇದ್ದಂಗ ಗಿಡ್ಡ ಗಿಡ್ಡ ಕವಲು, ಒಂದೂ ಆಳಕ್ಕ ಇಳದಿಲ್ಲ. ಮೆಟ್ಸಲ್ಫ್ಯೂರಾನ್ ಗುಂಪಿನ ಔಷಧ ಹುಳಿ ಮಣ್ಣಾಗ ನೀರಿನ ಜೋಡಿ ತಾನ ಒಡಿತೈತಿ, ನಮ್ಮಂಥಾ ಸವಳು ಕಡೆಗೆ ವಾಲಿದ ಮಣ್ಣಾಗ ಕೂತಬಿಡತೈತಿ.

ನಾವು ಸಾಸಿವಿ ಹಾಕಿದ್ದ ತಪ್ಪಾತು. ಸಾಸಿವಿ ಕ್ಲೀನ್ ಮಾಡತೈತಿ ಅಂತ ಯಾರೋ ಹೇಳಿದ್ದು ಕೇಳಿ ಹಾಕಿದ್ದು, ಆ ಔಷಧಕ್ಕ ಮದಲ ಸಾಯೂ ಗಿಡಾನ ಅದು. ಸಾಯೂ ಗಿಡ ಏನ್ ಕ್ಲೀನ್ ಮಾಡೀತ್ರಿ. ಮುಂದ ಔಷಧ ಹೊಡಿಯದ ಇನ್ನೊಂದು ಬೆಳಿ ಗೋದಿನ ತಗದ್ವಿ, ಅದಕ್ಕ ತಡಕೊಳ್ಳೂ ತಾಕತ್ತು ಐತಿ. ಆಮ್ಯಾಲ ಹೊಲದ ಉದ್ದಕ್ಕ ನಾಲ್ಕು ಸಾಲು ಅಷ್ಟ ಮಸೂರ ಬಿತ್ತಿ ತಿಂಗಳು ಕಾದು, ಅವು ಚಲೋ ಎದ್ದ ಮ್ಯಾಲ ಪೂರ್ತಿ ಬಿತ್ತಿದ್ವಿ. ಹಸಿರುಹಾದಿ ಅವರ, ನೀವೂ ಪೂರ್ತಿ ಹೊಲಕ್ಕ ಬೀಜ ಚೆಲ್ಲೂಕಿಂತ ಮದಲ ನಾಲ್ಕು ಸಾಲು ಹಾಕಿ ನೋಡ್ರಿ.

ತೋಟದಕ್ಕ:

ಗಿಡ ಬೆಳೆಸಿ ಉಳೋದಾ ಕಿತ್ತು ಹಾಕೋದಾ ಅಂತ ಕೇಳಿದ್ದಕ್ಕೆ ನನ್ನದೊಂದು ಹೇಳ್ತೀನಿ, ಯಾಕಂದ್ರೆ ಇದು ಗೊತ್ತಿಲ್ಲದೆ ನಾನು ಒಂದು ವರ್ಷದ ಟೊಮೆಟೊ ಕಳ್ಕೊಂಡೆ. ನಾನು ಹೊಲಕ್ಕೆ ಒಂದು ಹನಿ ಕಳೆ ಔಷಧಿ ಹಾಕಿದವಳಲ್ಲ. ಹೊರಗಿಂದ ಒಂದು ಲೋಡ್ ಕೊಟ್ಟಿಗೆ ಗೊಬ್ಬರ ತರಿಸಿ ಹಾಕಿದೆ, ಚೆನ್ನಾಗಿ ಕಳಿತ ಗೊಬ್ಬರ, ವಾಸನೆನೂ ಇರಲಿಲ್ಲ. ನಾಟಿ ಮಾಡಿ ಎರಡು ವಾರಕ್ಕೆ ಟೊಮೆಟೊ ಹೊಸ ಎಲೆಗಳು ಜರಿಗಿಡದ ಎಲೆ ತರ ಸಣ್ಣಗೆ ಸುರುಟಿಕೊಂಡು, ಕಾಂಡ ತಿರುಚ್ಕೊಂಡು, ಬೀನ್ಸ್ ಎಲೆ ಬಟ್ಟಲಿನ ತರ ಮೇಲಕ್ಕೆ ಮಡಚ್ಕೊಂಡವು. ನಾನು ವೈರಸ್ ಅಂತ ಕಿತ್ತು ಕಿತ್ತು ಹಾಕಿದೆ. ಆದ್ರೆ ವೈರಸ್ ಆಗಿದ್ರೆ ಅಲ್ಲೊಂದು ಇಲ್ಲೊಂದು ಶುರುವಾಗಿ ಹರಡಬೇಕಿತ್ತು, ಇಲ್ಲಿ ಗೊಬ್ಬರ ಬಿದ್ದ ಮಡಿಯಲ್ಲೆಲ್ಲ ಒಂದೇ ದಿನ ಒಂದೇ ತರ. ಪಕ್ಕದ ಮಡಿಗೆ ಗೊಬ್ಬರ ಸಾಕಾಗದೆ ಹಾಗೇ ನೆಟ್ಟಿದ್ದೆ, ಅಲ್ಲಿ ಗಿಡ ತಣ್ಣಗಿತ್ತು.

ಕೊನೆಗೆ ಗೊತ್ತಾಗಿದ್ದು, ಹುಲ್ಲುಗಾವಲಲ್ಲಿ ಅಗಲ ಎಲೆ ಕಳೆಗೆ ಹೊಡೆಯೋ ಪಿಕ್ಲೋರಾಮ್, ಕ್ಲೋಪಿರಾಲಿಡ್, ಅಮಿನೋಪಿರಾಲಿಡ್ ಅಂತ ಒಂದು ಗುಂಪಿದೆ. ಹುಲ್ಲು ಅದನ್ನ ಹೀರ್ಕೊಂಡು ಸಾಯಲ್ಲ, ಒಡೆಯೋದೂ ತುಂಬಾ ನಿಧಾನ, ಆ ಹುಲ್ಲು ತಿಂದ ದನದ ಹೊಟ್ಟೆಯಲ್ಲೂ ಒಡೆಯಲ್ಲ, ಸಗಣಿ ಗಂಜಲದಲ್ಲಿ ಹಾಗೇ ಬರುತ್ತೆ, ಗೊಬ್ಬರ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೂತ್ರೂ ಇರುತ್ತೆ. ಬ್ರಿಟನ್‌ನಲ್ಲಿ 2008ರಲ್ಲಿ ಇದೇ ಕಾರಣಕ್ಕೆ ಎಷ್ಟೋ ಜನರ ಕೈತೋಟ ಹಾಳಾಗಿ ಅಮಿನೋಪಿರಾಲಿಡ್ ಮಾರಾಟವನ್ನ ಸ್ವಲ್ಪ ಕಾಲ ನಿಲ್ಲಿಸಿದ್ರು. ಬ್ರೆಜಿಲ್‌ನಲ್ಲಿ ಪಿಕ್ಲೋರಾಮ್ ಇರೋ ಮಣ್ಣಿಗೆ ರಾಗಿ, ಗಿನಿಹುಲ್ಲು ಹಾಕಿ ಪ್ರಯೋಗ ಮಾಡಿದ್ದಾರೆ, ರಾಗಿ ಬೆಳೆದ ಮಣ್ಣಲ್ಲಿ ಆಮೇಲೆ ಹಾಕಿದ ಸೋಯಾಬೀನ್ ಸುಧಾರಿಸಿದೆ. ಆದ್ರೆ ಈ ಗುಂಪಿನ ಔಷಧಿ ಇರೋ ಜಾಗದಲ್ಲಿ ಬೆಳೆದ ಹುಲ್ಲನ್ನ ಅಲ್ಲೇ ಉತ್ತರೆ ಔಷಧಿ ವಾಪಸ್ ಮಣ್ಣಿಗೇ, ದನಕ್ಕೆ ಹಾಕಿದ್ರೆ ಗೊಬ್ಬರದ ಮೂಲಕ ಇನ್ನೊಂದು ಹೊಲಕ್ಕೆ. ಹಾಗಾಗಿ ಮೊದಲು ಯಾವ ಔಷಧಿ ಅಂತ ಖಚಿತ ಮಾಡ್ಕೊಳ್ಳಿ ತಮ್ಮಾ, ಹಳೇ ಡಬ್ಬ ಬಾಟಲಿ ಮೂಲೆಯಲ್ಲಿ ಬಿದ್ದಿದ್ರೆ ಚೀಟಿ ಓದಿ. ಅಟ್ರಾಜಿನ್ ಜೊತೆ ಬೇರೆ ಏನಾದ್ರೂ ಬೆರೆಸಿ ಹೊಡೆದಿದ್ರಾ ಅಂತ ಹೊಡೆದವರನ್ನೇ ಕೇಳಿ. ನಾನಂತೂ ಈಗ ಹೊರಗಿನ ಗೊಬ್ಬರ ಬಂದ್ರೆ ಒಂದು ಕುಂಡದಲ್ಲಿ ಬೀನ್ಸ್ ಬೆಳೆಸಿ ನೋಡದೆ ಮಡಿಗೆ ಹಾಕಲ್ಲ.

ಹಸಿರುಹಾದಿ:

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ, ನೀವು ಹೇಳಿದಂಗೆ ಕೇಳಿದೆ, ಐದು ವರ್ಷ ಬರೀ ಅಟ್ರಾಜಿನ್, ಕೊನೇ ವರ್ಷ ಮಾತ್ರ ಕಳೆ ಜಾಸ್ತಿ ಇತ್ತು ಅಂತ ಹೇಳಿದ್ದಕ್ಕಿಂತ ಗಟ್ಟಿಯಾಗಿ ಕಲಸಿದ್ರಂತೆ, ನಂಗೆ ಹೇಳಿರ್ಲಿಲ್ಲ. ಬೇರೆ ಔಷಧಿ ಬೆರೆಸಿಲ್ಲ. ಮಣ್ಣಮಾತು ಸರ್, ಮಳೆ ಕೇಳಿದ್ರಲ್ಲ, ಹೊಡೆದ ತಿಂಗಳಿಗೆ ಮಳೆ ಕೈಕೊಡ್ತು, ಬೆಳೆಯೂ ಅರ್ಧಂಬರ್ಧ ಆಯ್ತು, ಆಮೇಲೆ ಬೀನ್ಸ್ ಹಾಕೋವರೆಗೂ ಹೊಲ ಒಣಗಿ ಬಿರುಕು ಬಿಟ್ಟಿತ್ತು. ಪಿಎಚ್ 7.8 ಅಂತ ಹಳೇ ಮಣ್ಣು ಪರೀಕ್ಷೆ ಚೀಟಿಯಲ್ಲಿದೆ. ಕುಂಡ ಇಟ್ಟಿದೀನಿ, ಮೂರು ವಾರ ಆದ ಮೇಲೆ ಬರೀತೀನಿ. ಎರಡು ಅನುಮಾನ. ಇಷ್ಟು ವರ್ಷ ಪ್ರತಿ ಸಲ ಹೊಡೆದಿದೀವಲ್ಲ, ಅದೆಲ್ಲ ಸೇರಿ ಸೇರಿ ಮಣ್ಣಲ್ಲಿ ರಾಶಿ ಬಿದ್ದಿದೆಯಾ? ಮತ್ತೆ ಅಮ್ಮ ಹೇಳೋ ತರ ಬೀಳು ಬಿಟ್ರೆ ಗಿಡ ಹಾಕಿದ್ದಕ್ಕಿಂತ ಏನು ಕಮ್ಮಿ ಆಗುತ್ತೆ?

ಮಣ್ಣಮಾತು:

ರಾಶಿ ಬಿದ್ದಿರಲ್ಲ, ಆ ಭಯ ಬಿಡಿ. ವರ್ಷ ವರ್ಷ ಅಟ್ರಾಜಿನ್ ಬಿದ್ದ ಹೊಲದಲ್ಲಿ ಅದನ್ನ ತಿನ್ನೋ ಸೂಕ್ಷ್ಮಜೀವಿಗಳು ಹೆಚ್ಚಾಗಿರೋದೇ ಸಾಮಾನ್ಯ, ಇಂಥ ಹೊಲಗಳಲ್ಲಿ ಔಷಧಿ ಎಷ್ಟು ಬೇಗ ಒಡೆಯುತ್ತೆ ಅಂದ್ರೆ ಕಳೆ ಹಿಡಿತಕ್ಕೇ ಸಿಗಲ್ಲ ಅಂತ ರೈತರು ದೂರೋದೂ ಉಂಟು. ನಿಮ್ಮಲ್ಲಿ ಕೊನೇ ವರ್ಷ ಕಳೆ ಜಾಸ್ತಿ ಆಗಿದ್ದಕ್ಕೂ ಇದೇ ಕಾರಣ ಇರಬಹುದು. ಅಂದ್ರೆ ಕೆಲಸದವರು ಮಣ್ಣಲ್ಲೇ ಇದ್ದಾರೆ, ನೀರಿಲ್ಲದೆ ಮಲಗಿದ್ರು ಅಷ್ಟೇ. ಗಟ್ಟಿ ಕಲಸಿದ್ದು, ಮಳೆ ಹೋಗಿದ್ದು, ಪಿಎಚ್ 7.8, ಈ ಮೂರೂ ಒಟ್ಟಿಗೆ ಸೇರಿದ್ದಕ್ಕೆ ಉಳ್ಕೊಂಡಿದೆ.

ಅಮ್ಮ ಹೇಳಿದ್ದು ತಪ್ಪಲ್ಲ, ಬೀಳು ಬಿಟ್ರೂ ಕಮ್ಮಿ ಆಗುತ್ತೆ, ಆದ್ರೆ ಬೆಳೆ ಇಲ್ಲದ ಬರೀ ನೆಲ ಒಣಗಿ ಕೂತ್ರೆ ಈಗ ಆದದ್ದೇ ಮತ್ತೆ ಆಗುತ್ತೆ. ದೊಡ್ಡ ಮಳೆ ಬಂದ್ರೆ ಇನ್ನೊಂದು ತೊಂದರೆ, ಅಟ್ರಾಜಿನ್ ಮಣ್ಣಿಗೆ ಗಟ್ಟಿಯಾಗಿ ಅಂಟಲ್ಲ, ನೀರಿನ ಜೊತೆ ಕೆಳಗೆ ಇಳಿದು ಬಾವಿ ಬೋರ್‌ವೆಲ್ ಸೇರುತ್ತೆ. ಯುರೋಪಿಯನ್ ಒಕ್ಕೂಟ 2004ರಲ್ಲಿ ಅಟ್ರಾಜಿನ್‌ಗೆ ಅನುಮತಿ ಕೊಡಲ್ಲ ಅಂತ ತೀರ್ಮಾನ ಮಾಡಿದ್ದು ಅಂತರ್ಜಲದ ಕಾರಣಕ್ಕೇ, ಅಲ್ಲಿ ಕುಡಿಯೋ ನೀರಲ್ಲಿ ಯಾವುದೇ ಒಂದು ಕೀಟನಾಶಕ ಕಳೆನಾಶಕ ಲೀಟರಿಗೆ 0.1 ಮೈಕ್ರೊಗ್ರಾಂ ದಾಟಬಾರದು. ಹೊಲದಲ್ಲಿ ಬೆಳೆ ನಿಂತಿದ್ರೆ ನೀರನ್ನ ಬೇರು ಮೇಲಕ್ಕೆ ಎಳೆಯುತ್ತೆ, ಔಷಧಿ ಕೆಳಗೆ ಜಾರೋದು ಕಮ್ಮಿ ಆಗುತ್ತೆ, ಬೇರಿನ ಸುತ್ತ ಸೂಕ್ಷ್ಮಜೀವಿಗೆ ಊಟನೂ ಸಿಗುತ್ತೆ. ಬೀಳು ಬಿಟ್ಟ ನೆಲಕ್ಕೆ ಇದ್ಯಾವುದೂ ಇಲ್ಲ. ಇಳಿಜಾರಿನ ಕೆಳಗಿನ ಬದುವಿಗೆ ಲಾವಂಚನೋ ಬೇರೆ ದಟ್ಟ ಹುಲ್ಲೋ ಎರಡು ಸಾಲು ಹಾಕಿ, ಹರಿದು ಬರೋ ನೀರು ಅಲ್ಲಿ ನಿಧಾನ ಆಗಿ ಇಂಗುತ್ತೆ, ಮಣ್ಣೂ ನಿಲ್ಲುತ್ತೆ. ಹೊಲದ ನಡುವೆ ಲಾವಂಚ ಬೇಡ, ಆಮೇಲೆ ಅದನ್ನ ಕಿತ್ತು ತೆಗೆಯೋದೇ ದೊಡ್ಡ ಕೆಲಸ.

ಹಸಿರುಹಾದಿ:

ಕುಂಡ ಇಟ್ಟು ಇವತ್ತಿಗೆ 24 ದಿನ. ನಾಲ್ಕೂ ತರದ ಮಣ್ಣಿಗೆ ಮೂರು ಮೂರು ಕುಂಡ, ಪ್ರತಿ ಕುಂಡಕ್ಕೆ ಐದು ಬೀನ್ಸ್ ಉಳಿಸ್ಕೊಂಡಿದ್ದೆ. ಬದುವಿನ ಮಣ್ಣಲ್ಲಿ ಹದಿನೈದಕ್ಕೆ ಹದಿನೈದೂ ಚೆನ್ನಾಗಿವೆ. ನಡುವಿನ ಮಣ್ಣಲ್ಲಿ ಎಲ್ಲ ಬದುಕಿವೆ, ಆದ್ರೆ ಕೆಳಗಿನ ಎಲೆ ಅಂಚು ಹಳದಿ, ಬದುವಿನ ಗಿಡದ ಪಕ್ಕ ಇಟ್ರೆ ಒಂದು ಗೇಣು ಗಿಡ್ಡ. ಪಂಪ್ ತಿರುಗೋ ಜಾಗದ ಮಣ್ಣಲ್ಲಿ 16ನೇ ದಿನಕ್ಕೆ ಹನ್ನೊಂದು ಹೋದ್ವು, ಇವತ್ತು ನೋಡಿದ್ರೆ ಒಂದೇ ಉಳಿದಿದೆ. ಅದೇ ಮಣ್ಣಿಗೆ ಚಾರ್ಕೋಲ್ ಬೆರೆಸಿದ ಕುಂಡದಲ್ಲಿ ಹದಿನಾಲ್ಕು ಹಸಿರಾಗಿ ನಿಂತಿವೆ. ಅಮ್ಮನಿಗೆ ಎರಡೂ ಕುಂಡ ಅಕ್ಕಪಕ್ಕ ಇಟ್ಟು ತೋರಿಸಿದೆ, ಒಂದೇ ಜಾಗದ ಮಣ್ಣು ಅಂದ್ರೆ ನಂಬಲೇ ಇಲ್ಲ, ಕೈಯಲ್ಲಿ ಮಣ್ಣು ಉದುರಿಸಿ ಉದುರಿಸಿ ನೋಡಿದ್ರು. ಆಮೇಲೆ ಬೀಳಿನ ಮಾತು ಎತ್ತಲಿಲ್ಲ, ಜೋಳದ ಬೀಜ ಎಷ್ಟು ಬೇಕು ಅಂತ ಕೇಳಿದ್ರು.

ಮನಸ್ಸು ತಡೀದೆ ಸತ್ತ ಜಾಗದಲ್ಲಿ ಆಳದ ಮಣ್ಣೂ ತೆಗೆದು ನೋಡಿದೆ. ಮೇಲಿನ 10 ಸೆಂಟಿಮೀಟರ್ ಪದರದ್ದು ಕೆಟ್ಟದು, 10ರಿಂದ 20 ಸ್ವಲ್ಪ ಪರವಾಗಿಲ್ಲ, 20ರಿಂದ 30ರಲ್ಲಿ ಬೀನ್ಸ್‌ಗೆ ಏನೂ ಆಗಿಲ್ಲ.

ಈಗ ನಾನು ಅಂದ್ಕೊಂಡಿರೋದು, ಪೂರ್ತಿ ಹೊಲಕ್ಕೆ ಜೋಳ ದಟ್ಟವಾಗಿ ಚೆಲ್ಲೋದು, ಎರಡೂ ತುದಿಗೆ ಮೆಕ್ಕೆಜೋಳ, ಇದು ಮುಗಿದ ಮೇಲೆ ಸೆಣಬು. ಸೆಣಬು ಮೊದಲೇ ಹಾಕಬಹುದಾ? ಬ್ರೆಜಿಲ್‌ನಲ್ಲಿ ನಸಗುನ್ನಿ, ಜ್ಯಾಕ್ ಬೀನ್ ಹಾಕಿ ಮಣ್ಣು ಕ್ಲೀನ್ ಮಾಡಿದ್ದು ಓದಿದೆ, ಅವೂ ದ್ವಿದಳಾನೇ ಅಲ್ವಾ. ಮತ್ತೆ ಯಾವಾಗ ಕಡೀಬೇಕು, ಚಾರ್ಕೋಲ್ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದ್ರೆ ಹೊಲಕ್ಕೇ ಹಾಕಬಹುದಾ?

ಮಣ್ಣಮಾತು:

ತುಂಬಾ ಖುಷಿ ಆಯ್ತು, ಇಷ್ಟು ನೀಟಾಗಿ ಮಾಡಿದೀರ. 20 ಸೆಂಟಿಮೀಟರ್ ಕೆಳಗೆ ಇಳಿದಿಲ್ಲ ಅನ್ನೋದು ಒಳ್ಳೇ ಸುದ್ದಿ, ಜೋಳದ ಬೇರು ದಟ್ಟವಾಗಿ ಇರೋದೇ ಆ ಪದರದಲ್ಲಿ. ಹಾಗಾಗಿ ಈಗ ಆಳವಾಗಿ ಮಣ್ಣು ತಿರುವೋ ಉಳುಮೆ ಮಾಡಬೇಡಿ, ಮೇಲಿರೋದನ್ನ ಕೆಳಗೆ ಹೂತಂಗಾಗುತ್ತೆ, ಮೇಲೆ ಮೇಲೆ ಹರಗಿ ಬಿತ್ತಿ ಸಾಕು.

ಬ್ರೆಜಿಲ್‌ನಲ್ಲಿ ನಸಗುನ್ನಿ, ಜ್ಯಾಕ್ ಬೀನ್ ಹಾಕಿದ್ದು ಟ್ರೈಫ್ಲಾಕ್ಸಿಸಲ್ಫ್ಯೂರಾನ್ ಅನ್ನೋ ಬೇರೆ ಔಷಧಿಗೆ, ಅದು ಕಬ್ಬು ಹತ್ತಿಯಲ್ಲಿ ಬಳಸೋದು, ಎರೆಹೊಲ ಅವರು ಹೇಳಿದ ಮೆಟ್ಸಲ್ಫ್ಯೂರಾನ್ ಗುಂಪಿಗೆ ಸೇರಿದ್ದು. ಆ ಗಿಡಗಳು ಅದನ್ನ ತಡ್ಕೊಳ್ತವೆ. ಅಟ್ರಾಜಿನ್‌ಗೆ ದ್ವಿದಳಗಳು ಸಾಮಾನ್ಯವಾಗಿ ನಾಜೂಕು, ನಿಮ್ಮ ಬೀನ್ಸೇ ಸಾಕ್ಷಿ. ಅದಕ್ಕೇ ಸೆಣಬು ಎರಡನೇ ಸರದಿಗೇ ಇರಲಿ. ನಡುವಿನ ಹೊಲದಲ್ಲಿ ಎರಡು ಮೂರು ಸಾಲು ಈಗಲೇ ಸೆಣಬು ಬಿತ್ತಿ ನೋಡೋದಾದ್ರೆ ನೋಡಿ, ಅದೇ ಒಂದು ಪರೀಕ್ಷೆ ಆಗುತ್ತೆ.

ಜೋಳಕ್ಕೆ ಮಣ್ಣು ಹದ ಆರದಂಗೆ ನೀರು ಕೊಡಿ, ನಿಲ್ಲೋ ಹಂಗೆ ಬೇಡ. ನಿಮ್ಮದೇ ಕೊಟ್ಟಿಗೆ ಗೊಬ್ಬರ ಇದ್ರೆ ಹಾಕಿ. ತೆನೆ ಹೊರಡೋ ಮುಂಚೆ ಕಡಿದು ಸಣ್ಣಗೆ ಕತ್ತರಿಸಿ ಅಲ್ಲೇ ಮೇಲ್ಮಣ್ಣಿಗೆ ಸೇರಿಸಿ, ಮೆಕ್ಕೆಜೋಳನೂ ಸೂಲಂಗಿ ಬಿಡೋ ಹೊತ್ತಿಗೆ ಹಂಗೇ. ಅಟ್ರಾಜಿನ್‌ನ ಈ ಗಿಡಗಳು ಒಳಗೇ ಮುರಿದು ಹಾಕಿರುತ್ತವೆ, ಅಕ್ಕ ಹೇಳಿದ ಗುಂಪಿನ ತರ ವಾಪಸ್ ಬರೋ ಭಯ ಇಲ್ಲ. ಆದ್ರೂ ದನಕ್ಕೆ ಹಾಕಬೇಡಿ. ಲ್ಯಾಬ್‌ನಲ್ಲಿ ಮೇವು ಪರೀಕ್ಷೆ ಮಾಡಿಸದೆ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ, ಅದೂ ಅಲ್ದೆ ಎಳೇ ಜೋಳದಲ್ಲಿ ಸಯನೈಡ್ ವಿಷ ಇರುತ್ತೆ, ಅದಕ್ಕೂ ಔಷಧಿಗೂ ಸಂಬಂಧ ಇಲ್ಲ.

ಚಾರ್ಕೋಲ್ ಔಷಧಿಯನ್ನ ಹಿಡಿದಿಡುತ್ತೆ, ಒಡೆಯಲ್ಲ. ಗಿಡಕ್ಕೆ ಸಿಗದ ಹಾಗೆ ಸೂಕ್ಷ್ಮಜೀವಿಗೂ ಸಿಗದ ಹಾಗೆ ಮಾಡುತ್ತೆ, ಹಾಗಾಗಿ ಪೂರ್ತಿ ಹೊಲಕ್ಕೆ ಬೇಡ. ಮುಂದೆ ಎರಡು ತುದಿಯಲ್ಲಿ ಟೊಮೆಟೊನೋ ಬದನೆನೋ ನಾಟಿ ಮಾಡೋದಾದ್ರೆ ಗುಂಡಿಗೆ ಸ್ವಲ್ಪ ಹಾಕಬಹುದು.

ಒಂದು ವಿಷಯ ಮರೆತಿದ್ದೆ. ಜೋಳದ ಬೇರು ತಾನೇ ಒಂದು ಕಳೆನಾಶಕ ಬಿಡುತ್ತೆ, ಸೋರ್ಗೋಲಿಯೋನ್ ಅಂತ. ಕಡಿದು ಮಣ್ಣಿಗೆ ಸೇರಿಸಿದ ತಕ್ಷಣ ಮತ್ತೆ ಕುಂಡದಲ್ಲಿ ಬೀನ್ಸ್ ಹಾಕಿ ನೋಡಿದ್ರೆ ಸಸಿ ಕುಗ್ಗಬಹುದು, ಅದನ್ನ ನೋಡಿ ಅಟ್ರಾಜಿನ್ ಹೋಗಿಲ್ಲ ಅಂತ ಎದೆ ಒಡ್ಕೋಬೇಡಿ. ಮೂರು ನಾಲ್ಕು ವಾರ ಕೊಳೆಯೋಕೆ ಬಿಟ್ಟು, ಆಮೇಲೆ ಅದೇ ನಾಲ್ಕು ತರದ ಮಣ್ಣಲ್ಲಿ ಅದೇ ಬೀನ್ಸ್ ತಳಿ ಹಾಕಿ. ಈಗಿನ ಕುಂಡಗಳ ಫೋಟೋ ತೆಗೆದು ದಿನಾಂಕ ಬರೆದಿಟ್ಕೊಳ್ಳಿ.

ಹಸಿರುಹಾದಿ:

ಆಯ್ತು ಸರ್, ಫೋಟೋ ತೆಗೆದಿಟ್ಟೆ. ಜೋಳದ ಬೀಜ ತಂದಾಗಿದೆ, ನಾಡಿದ್ದು ಹರಗಿ ಬಿತ್ತೋದು. ಎರೆಹೊಲ ಅವರು ಹೇಳಿದಂಗೆ ನಡುವೆ ನಾಲ್ಕು ಸಾಲು ಬಿಟ್ಟು ಅದರಲ್ಲಿ ಸೆಣಬು ಹಾಕ್ತಿದೀನಿ. ಅಕ್ಕ, ನಮ್ಮ ಗೊಬ್ಬರದ ಗುಂಡಿದೂ ಒಂದು ಕುಂಡ ಇಟ್ಟಿದೀನಿ, ನಿನ್ನೆ ಬೀನ್ಸ್ ಮೊಳಕೆ ಒಡೀತು.